ಸುಡೊಕು ಸ್ಪರ್ಧೆಗೆ ಗಣಿತದ ತಲೆಯೇ ಬೇಕೆ?

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯ ವಿದ್ಯಾರ್ಥಿಗೂ ಬೆಂಗಳೂರಿನವರಿಗೂ ಆನ್‌ಲೈನ್ ತರ್ಕ ಒಗಟಿನ ಸ್ಪರ್ಧೆಯಲ್ಲಿ ಸಿಗುವುದು ಅವೇ ಒಗಟುಗಳು, ಅಷ್ಟೇ ಸಮಯ. ಆದರೂ ‘ನಮಗೆ ಗಣಿತ ಬರಲ್ಲ’ ಎಂದು ಎಷ್ಟೋ ಮಂದಿ ಹಿಂದೆ ಸರಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಸಾಮಾನ್ಯ ಸುಡೊಕುವಿನಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ; ಅಂಕಿಗಳ ಬದಲು ಒಂಬತ್ತು ಅಕ್ಷರ ಬರೆದರೂ ಒಗಟು ಅದೇ. (ಕಿಲ್ಲರ್ ಸುಡೊಕುವಿನಲ್ಲಿ ಮಾತ್ರ ಸಣ್ಣ ಕೂಡುವ ಲೆಕ್ಕ ಬರುತ್ತದೆ.)

ಭಾರತದಲ್ಲಿ ಇಂಥ ಸ್ಪರ್ಧೆಗಳನ್ನು ಲಾಜಿಕ್ ಮಾಸ್ಟರ್ಸ್ ಇಂಡಿಯಾ ನಡೆಸುತ್ತದೆ. 2017ರ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ಬೆಂಗಳೂರಿನಲ್ಲೇ ನಡೆದಿತ್ತು. ಯಾವ ಬಗೆಯ ಒಗಟು, ಯಾವುದಕ್ಕೆ ಎಷ್ಟು ಅಂಕ ಎಂದು ತಿಳಿಸುವ ಸೂಚನಾ ಪುಸ್ತಿಕೆ ಮೊದಲೇ ಸಿಗುತ್ತದೆ. ತಯಾರಿಯ ಮುಕ್ಕಾಲು ಪಾಲು ಅದರಲ್ಲೇ ಇದೆ ಎಂಬುದು ನಮ್ಮ ಅನಿಸಿಕೆ. ಹೊಸ ನಿಯಮವನ್ನು ಗಡಿಯಾರ ಓಡುವಾಗ ಕಲಿಯಲು ಕೂತರೆ ಕೆಲಸ ಕೆಟ್ಟಿತು. ಪ್ರತಿ ಬಗೆಯದನ್ನೂ ನಾಲ್ಕೈದು ಸಲ ಕಾಗದದ ಮೇಲೆ ಬಿಡಿಸಿ ನೋಡಿ. ಅಂದಾಜಿನಲ್ಲಿ ಮನೆ ತುಂಬಬೇಡಿ: ಸರಿಯಾಗಿ ರಚಿಸಿದ ಒಗಟಿಗೆ ಇರುವುದು ಒಂದೇ ಉತ್ತರ, ಆದರೆ ತಪ್ಪು ಗೊತ್ತಾಗುವುದು ಹತ್ತು ಮನೆ ದಾಟಿದ ಮೇಲೆ. ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಇನ್ನು ‘ಬುದ್ಧಿ ಹೆಚ್ಚಿಸುವ’ ಆ್ಯಪ್‌ಗಳ ಮಾತು. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 11,430 ಮಂದಿ ಆರು ವಾರ ಆನ್‌ಲೈನ್‌ನಲ್ಲಿ ಭಾಗವಹಿಸಿದ್ದರು. ಅಭ್ಯಾಸ ಮಾಡಿದ ಆಟಗಳಲ್ಲಿ ಅವರು ಪಳಗಿದರು. ಅಭ್ಯಾಸ ಮಾಡದ ಪರೀಕ್ಷೆಗಳಿಗೆ ಆ ಲಾಭ ದಾಟಲಿಲ್ಲ. ಹಾಗಾಗಿ ಮಗಳ ಶಾಲೆಯ ಅಂಕ ಏರಲೆಂದು ದುಡ್ಡು ಕಟ್ಟಿ ಇಂಥ ಆ್ಯಪ್ ಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ.