ಸಹಿ ಕಲಿತವರ ಹೆಬ್ಬೆಟ್ಟು

ನಾನು ನೌಕರಿಗೆ ಸೇರಿದ ಹೊಸತರಲ್ಲಿ, 1990ರ ದಶಕದ ಸಾಕ್ಷರತಾ ಆಂದೋಲನದ ದಿನಗಳಲ್ಲಿ, ಬಬಲೇಶ್ವರ-ತಿಕೋಟಾ ಕಡೆಯ ಹಳ್ಳಿಗಳಲ್ಲಿ ರಾತ್ರಿ ಕಂದೀಲಿನ ಬೆಳಕಿಗೆ ಕುಳಿತು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಪುಸ್ತಕ ಮುಗಿಸಿದವರು ಕಡಿಮೆ. ಸಹಿ ಮಾತ್ರ ಎಲ್ಲರಿಗೂ ಬೇಕಿತ್ತು. "ಅಕ್ಕೋರ, ನನ್ನ ಹೆಸರಷ್ಟ ಬರಿಯೂದು ಕಲಸ್ರಿ, ಮಸಿ ಹಚ್ಚಿ ಒತ್ತೂದು ಸಾಕಾಗೇತಿ" ಎನ್ನುತ್ತಿದ್ದರು.

ಅವರಲ್ಲೊಬ್ಬಳು ಮೊನ್ನೆ ವಿಜಯಪುರದ ನಮ್ಮ ಮನೆಗೆ ಬಂದಿದ್ದಳು. ದ್ರಾಕ್ಷಿ ತೋಟದ ಕೂಲಿ ಮಾಡುತ್ತ ಮುದುಕಿಯಾಗಿದ್ದಾಳೆ. "ನನ್ನ ಹೆಬ್ಬಟ್ಟು ಬರಂಗಿಲ್ಲಂತ್ರಿ ಅಕ್ಕೋರ, ಗೆರಿ ಸವದಾವಂತ" ಎಂದು ಕೈ ಚಾಚಿದಳು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂದಿದೆ. ತೆಗೆಯಲು ಹೋದರೆ, ಸಣ್ಣ ಮೊತ್ತಕ್ಕೆ ಹೊರಗಿನ ಮಷಿನ್ನಿಗೆ ಹೋಗು ಎನ್ನುತ್ತಾರೆ. ಮಷಿನ್ನು ಬೆರಳು ಒಪ್ಪುವುದಿಲ್ಲ. ಬೆರಳು ಒಪ್ಪಿದ ದಿನ ಸರ್ವರ್ ಇರುವುದಿಲ್ಲ. 2023ರ ಜೂನ್‌ನಿಂದ ಬಸ್ಸು ಪುಕ್ಕಟೆಯಾಯಿತು, ನಿಜ. ಆದರೆ ಓಡಾಡಿ ಕಳೆದ ದಿನದ ಪಗಾರ ಯಾರು ಕೊಡುತ್ತಾರೆ?

ಗೆಳತಿಯರೇ, ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಮನಿಯಾರ್ಡರಿನ ಪಿಂಚಣಿಯಲ್ಲಿ ಹತ್ತಿಪ್ಪತ್ತು ಮುರಿದುಕೊಳ್ಳುವವರನ್ನು ಕಂಡಿದ್ದೇನೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ, ಯಜಮಾನಿಯ ಹೆಸರಿಗೇ ದುಡ್ಡು ಬರುತ್ತದೆಂದು ಹಿಗ್ಗಿದವಳು ನಾನು. ನನ್ನ ಸಿಟ್ಟು ದುಡ್ಡಿನ ಮೇಲಲ್ಲ. ಮನುಷ್ಯರನ್ನೆಲ್ಲ ಕಿಟಕಿಯಿಂದ ಎಬ್ಬಿಸಿ ಮಷಿನ್ನೊಂದನ್ನೇ ಕೂರಿಸಿದ ಬುದ್ಧಿವಂತಿಕೆಯ ಮೇಲೆ.

ಬೆರಳು ಬಾರದಿದ್ದರೆ ಒಟಿಪಿ ಉಂಟಲ್ಲ ಎನ್ನುತ್ತಾರೆ ಓದಿದವರು. ಆ ನಂಬರಿನ ಫೋನು ಪುಣೆಗೆ ದುಡಿಯಲು ಹೋದ ಮಗನ ಕಿಸೆಯಲ್ಲಿದೆ! ಇನ್ನೊಂದು ಗೋಜಲೂ ಉಂಟು. ಎರಡು ಖಾತೆ ಇದ್ದವರಿಗೆ, ಆಧಾರ್ ಕೊನೆಗೆ ಯಾವುದಕ್ಕೆ ಜೋಡಣೆಯಾಯಿತೋ ಅಲ್ಲಿಗೇ ಸರಕಾರದ ದುಡ್ಡು ಹೋಗುತ್ತದೆ. ಇದನ್ನು ಆ ಹೆಂಗಸಿಗೆ ಕನ್ನಡದಲ್ಲಿ ಕುಳಿತು ಹೇಳಿದವರು ಯಾರು? 2017ರಲ್ಲಿ ಗ್ರಾಹಕರಿಗೆ ತಿಳಿಯದಂತೆಯೇ ಖಾತೆಗಳು ತೆರೆದು, ಅಡುಗೆ ಅನಿಲದ ಸಬ್ಸಿಡಿ ಅವುಗಳಲ್ಲಿ ಹೋಗಿ ಬಿದ್ದಿತ್ತು. ಆಗ ಮೋಸಹೋದವರಲ್ಲಿ ಓದಿದವರೂ ಇದ್ದರು.

ಕೀನ್ಯಾ ದೇಶದಲ್ಲಿ 2007ರಿಂದ ಎಂ-ಪೆಸಾ ನಡೆದಿದೆ. ಅಲ್ಲಿ ಸಾದಾ ಫೋನು, ಒಂದು ಗುಪ್ತ ಸಂಖ್ಯೆ, ಎದುರಿಗೆ ದುಡ್ಡು ಎಣಿಸಿ ಕೊಡುವ ಅಂಗಡಿಯವ ಇದ್ದರೆ ಸಾಕು. ಅಲ್ಲಿಯೂ ಮೋಸಗಳಿಲ್ಲವೆಂದಲ್ಲ. ಆದರೆ ಕೆಲಸ ಮಾಡಿ ಸವೆದ ಬೆರಳು ಅಪರಾಧವಾಗುವುದಿಲ್ಲ.

ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದು ಸುಪ್ರೀಂ ಕೋರ್ಟು 2018ರ ಆಧಾರ್ ತೀರ್ಪಿನಲ್ಲಿಯೇ ಹೇಳಿದೆ. ಹಾಗಿದ್ದರೆ ಕಿಟಕಿಯಲ್ಲಿ ಒಂದು ವಹಿ ಇಡಿ. ಬೆರಳು ಬಾರದವರ ಹೆಸರು ಬರೆದುಕೊಳ್ಳಿ, ಗುರುತಿನ ಚೀಟಿ ನೋಡಿ ಸಹಿ ಪಡೆದು ದುಡ್ಡು ಕೊಡಿ. ಕೊಡಲಾಗದಿದ್ದರೆ ಕಾರಣವನ್ನು ಕನ್ನಡದಲ್ಲಿ ಬರೆದ ಚೀಟಿ ಕೊಡಿ. 'ಸರ್ವರ್ ಇಲ್ಲ' ಎಂಬುದು ಉತ್ತರವಲ್ಲ. ನಮ್ಮ ಶಾಲೆಯ ಮಕ್ಕಳು 'ವಹಿ ಮರೆತು ಬಂದೆ' ಎಂದಂತೆ ಅದು.

ಇದನ್ನೇ ಅರ್ಜಿಯಾಗಿ ಬರೆದು ಅವಳನ್ನು ಕರೆದುಕೊಂಡು ಹೋದೆ. ಪೆನ್ನು ಕೇಳಿ ಪಡೆದು, ತಾನೇ ನಿಧಾನವಾಗಿ ಸಹಿ ಮಾಡಿದಳು. ಅರ್ಜಿ ತಲುಪಿದ್ದಕ್ಕೆ ರಸೀದಿ ಕೊಡಿ ಎಂದೆ. "ಮೊಬೈಲಿಗೆ ಮೆಸೇಜ್ ಬರ್ತದ್ರಿ" ಎಂದರು. ಮೊಬೈಲು ಪುಣೆಯಲ್ಲಿದೆ.