ಒಂದು ಕಪ್ ಕಾಫಿ, ಒಂದು ಕುರ್ಚಿ

ಹೋಟೆಲಿನ ದರಪಟ್ಟಿಯನ್ನು ಜನ ಹೇಗೆ ಓದುತ್ತಾರೆ, ಗಮನಿಸಿದ್ದೀರಾ? ಜೇಬು ತುಂಬಿದವರು ಎಡದಿಂದ ಬಲಕ್ಕೆ ಓದುತ್ತಾರೆ. ಮೊದಲು ತಿಂಡಿಯ ಹೆಸರು, ಆಮೇಲೆ ಬೆಲೆ. ಎಣಿಸಿದಷ್ಟೇ ಕಾಸು ಇಟ್ಟುಕೊಂಡು ಬಂದವರು ಬಲದಿಂದ ಎಡಕ್ಕೆ ಓದುತ್ತಾರೆ. ಮೊದಲು ಎಲ್ಲಕ್ಕಿಂತ ಕಡಿಮೆ ಬೆಲೆ ಯಾವುದೆಂದು ಹುಡುಕಿ, ಆಮೇಲೆ ಅದಕ್ಕೆ ಏನು ಸಿಗುತ್ತದೆಂದು ನೋಡುತ್ತಾರೆ. ದರಪಟ್ಟಿ ಹೊರಗೆ ಕಾಣದಿದ್ದರೆ ಈ ಎರಡನೆಯವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಹಾಸ್ಟೆಲಿನಲ್ಲಿ ಇದ್ದು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಂಥಾಲಯದ ಪಕ್ಕದಲ್ಲೋ, ಶಾಲೆಯ ಆವರಣದಲ್ಲೋ, ಬಡಾವಣೆಯ ಸಂಘದ ಕಟ್ಟಡದಲ್ಲೋ ಊರಿನವರೇ ಸೇರಿ ಒಂದು ಪುಟ್ಟ ಕಾಫಿ ಅಂಗಡಿ ನಡೆಸಬೇಕೆಂಬ ಆಸೆ ಹಲವರಿಗಿದೆ. ಇಂಥ ಸಭೆಗಳಲ್ಲಿ ಮೊದಲು ಚರ್ಚೆಗೆ ಬರುವುದು ಅಂಗಡಿಯ ಹೆಸರು, ಗೋಡೆಯ ಬಣ್ಣ, ಮೇಜು ಕುರ್ಚಿ. ಏನು ಬೇಯಿಸಬೇಕು, ಎಷ್ಟಕ್ಕೆ ಕೊಡಬೇಕು ಎಂಬುದು ಕೊನೆಯ ಐದು ನಿಮಿಷದ ಮಾತು. ಇದು ತಲೆಕೆಳಗಾದ ಕ್ರಮ. ಯಾರು ಒಳಗೆ ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ನಿರ್ಧರಿಸುವುದು ತಿಂಡಿಯ ಪಟ್ಟಿಯೇ. ಈ ಮಾತಿಗೆ ನಮ್ಮ ದೇಶದಲ್ಲೇ ದೊಡ್ಡದೊಂದು ಉದಾಹರಣೆ ಇದೆ. ಅದು ಕಾಫಿ ಹೌಸ್.

ಕಾಫಿ ಹೌಸ್ ಹುಟ್ಟಿದ್ದು ಯಾರಿಗೋ ಆತಿಥ್ಯ ಮಾಡಬೇಕೆಂಬ ಉದ್ದೇಶದಿಂದಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ವಿದೇಶದ ಮಾರುಕಟ್ಟೆ ಬಿದ್ದುಹೋಗಿ ಕಾಫಿ ಬೆಳೆಗಾರರು ಕಂಗಾಲಾದರು. ಬೆಳೆದ ಕಾಫಿಯನ್ನು ನಮ್ಮವರೇ ಕುಡಿಯುವಂತಾದರೆ ತೋಟ ಉಳಿದೀತು ಎಂಬ ಲೆಕ್ಕಾಚಾರ ನಡೆಯಿತು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಮರುವರ್ಷ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಕಲ್ಕತ್ತದ ಕಾಲೇಜ್ ಸ್ಟ್ರೀಟ್‌ನ ಆಲ್ಬರ್ಟ್ ಹಾಲ್ 1942ರಲ್ಲಿ ಕಾಫಿ ಹೌಸ್ ಆಯಿತು. ಎದುರಿಗೇ ಪ್ರೆಸಿಡೆನ್ಸಿ ಕಾಲೇಜು, ಸುತ್ತ ಪುಸ್ತಕದ ಅಂಗಡಿಗಳು. ಅಲ್ಲಿ ಕೂತವರು ವಿದ್ಯಾರ್ಥಿಗಳು, ಮೇಷ್ಟರುಗಳು, ಕವಿಗಳು. ಒಂದು ಕಪ್ಪಿಗೆ ಎರಡು ಗಂಟೆಯ ವಾದ.

1950ರ ದಶಕದ ನಡುವೆ ಕಾಫಿ ಮಂಡಳಿ ಈ ಮನೆಗಳನ್ನು ಮುಚ್ಚಲು ಹೊರಟಿತು. ಲೋಟ ತೊಳೆಯುವವರು, ಅಡುಗೆಯವರು, ಸಪ್ಲೈಯರ್‌ಗಳು ಬೀದಿಗೆ ಬೀಳುವ ಹೊತ್ತು. ಕೇರಳದ ಕಮ್ಯುನಿಸ್ಟ್ ನಾಯಕ, ಸಂಸದ ಎ.ಕೆ. ಗೋಪಾಲನ್ ಅವರಿಗೆ ಹೇಳಿದ್ದು ಒಂದೇ ಮಾತು: ನೀವೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿ. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಕೆಲಸಗಾರರ ಕಾಫಿ ಹೌಸ್ ತೆರೆಯಿತು. ಮರುವರ್ಷ ತ್ರಿಶ್ಶೂರಿನಲ್ಲಿ. ಕೇರಳದಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟ ಎನ್.ಎಸ್. ಪರಮೇಶ್ವರನ್ ಪಿಳ್ಳೆ ಅವರನ್ನು ಜನ ‘ಕಾಫಿ ಹೌಸ್ ಪಿಳ್ಳೆ’ ಎಂದೇ ಕರೆದರು. ಬಿಳಿ ಸಮವಸ್ತ್ರ, ತಲೆಯ ಮೇಲೆ ಬೀಸಣಿಗೆಯಂತೆ ಎದ್ದ ತುರಾಯಿ. ಆ ವೇಷದಲ್ಲಿ ಕಾಫಿ ತಂದಿಡುವಾತ ಅಂಗಡಿಯ ಪಾಲುದಾರನೂ ಹೌದು. ಗಿರಾಕಿಯನ್ನು ಎಬ್ಬಿಸಿ ಕಳಿಸುವ ಆತುರ ಅಲ್ಲಿ ಕಡಿಮೆ ಇದ್ದುದಕ್ಕೆ ಇದೂ ಒಂದು ಕಾರಣ ಇದ್ದೀತು.

ಇನ್ನು ಪಟ್ಟಿಗೆ ಬರೋಣ. ಕಾಫಿ, ಟೋಸ್ಟು, ಆಮ್ಲೆಟ್ಟು, ಕಟ್ಲೆಟ್ಟು, ದೋಸೆ. ದೊಡ್ಡ ಪಟ್ಟಿಯಲ್ಲ, ಅದರಲ್ಲೇ ಜಾಣತನವಿದೆ. ನಲವತ್ತು ಬಗೆಯ ತಿಂಡಿ ಬರೆದ ಅಂಗಡಿ ನಲವತ್ತಕ್ಕೂ ಸಾಮಾನು ತಂದಿಡಬೇಕು. ಮಾರಾಟವಾಗದೆ ಉಳಿದದ್ದರ ನಷ್ಟ ಮಾರಾಟವಾದದ್ದರ ಬೆಲೆಗೆ ಸೇರುತ್ತದೆ. ಎಂಟು ತಿಂಡಿಯ ಅಂಗಡಿಗೆ ಆ ಭಾರವಿಲ್ಲ. ಒಂದೇ ಆಲೂಗಡ್ಡೆ ಪಲ್ಯ ಕಟ್ಲೆಟ್ಟಿನೊಳಗೂ ಹೋಗುತ್ತದೆ, ದೋಸೆಯೊಳಗೂ ಹೋಗುತ್ತದೆ.

ಕೇರಳದ ಕಾಫಿ ಹೌಸ್‌ಗಳಲ್ಲಿ ಕಟ್ಲೆಟ್ ಮುರಿದರೆ ಒಳಗೆ ಕಡುಗೆಂಪು. ಮಸಾಲೆ ದೋಸೆಯ ಪಲ್ಯವೂ ಹಾಗೆಯೇ. ಎಲ್ಲ ಬೀಟ್‌ರೂಟಿನ ಮಹಿಮೆ. ಇದರ ಬಣ್ಣ ಬೀಟಾನಿನ್ ಎಂಬ ವರ್ಣದ್ರವ್ಯದ್ದು. ಆಮ್ಲದಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ಒಡೆದು ಮಂಕಾಗುತ್ತದೆ, ಪ್ರಬಲ ಪ್ರತ್ಯಾಮ್ಲದಲ್ಲಿ ಹಳದಿಗೆ ತಿರುಗುತ್ತದೆ. ಮನೆಯಲ್ಲೇ ನೋಡಬಹುದು: ಬೀಟ್‌ರೂಟ್ ಹಿಂಡಿದ ನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿನೀರು ಹಾಕಿ. ಸುಣ್ಣದ ಕೆಲಸ ಮಾತ್ರ ದೊಡ್ಡವರ ಎದುರಿಗೇ ನಡೆಯಲಿ, ಕಣ್ಣಿಗೆ ಹಾರಿದರೆ ಅಪಾಯ. ಆ ಲೋಟದ ನೀರನ್ನು ಯಾರೂ ಬಾಯಿಗೆ ಹಾಕಬಾರದು. ಪಲ್ಯಕ್ಕೆ ಕೊನೆಯಲ್ಲಿ ನಿಂಬೆ ಹಿಂಡುವ ಅಡುಗೆಯವರು ರಸಾಯನಶಾಸ್ತ್ರ ಓದದೆಯೇ ಬಣ್ಣ ಉಳಿಸಿಕೊಂಡಿದ್ದಾರೆ. ಅಂದಹಾಗೆ, ಬೀಟ್‌ರೂಟ್ ತಿಂದ ಮರುದಿನ ಕೆಲವು ಮಕ್ಕಳ ಮೂತ್ರ ಕೆಂಪಗಾಗುವುದುಂಟು. ಬೀಟ್‌ರೂಟಿನಿಂದಲೇ ಆಗಿದ್ದರೆ ಅದು ನಿರುಪದ್ರವಿ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಕಾಫಿಯ ವಿಷಯಕ್ಕೆ ಬಂದರೆ ಚಿಕೋರಿಯ ಜಗಳ ಮುಗಿಯುವುದೇ ಇಲ್ಲ. ಚಿಕೋರಿ ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇಲ್ಲ, ಇನುಲಿನ್ ಎಂಬ ಪಿಷ್ಟದಂಥ ವಸ್ತು ಧಾರಾಳವಾಗಿದೆ. ಹುರಿದಾಗ ಕಂದುಬಣ್ಣ, ಸುಟ್ಟ ಸಕ್ಕರೆಯ ವಾಸನೆ, ಸ್ವಲ್ಪ ಕಹಿ ಬರುತ್ತವೆ. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಡಿಕಾಕ್ಷನ್ ಗಟ್ಟಿಯಾಗಿ ಕಾಣುತ್ತದೆ. ನಮ್ಮ ದೇಶದ ನಿಯಮದಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗವಾದರೂ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು. ಚಿಕೋರಿ ಹಾಕುವುದು ಮೋಸವಲ್ಲ, ಹಾಕಿ ಹೇಳದಿರುವುದು ಮೋಸ. ಊರಿನವರು ನಡೆಸುವ ಅಂಗಡಿ ಆ ಪ್ರಮಾಣವನ್ನು ಬೋರ್ಡಿನ ಮೇಲೂ ಬರೆದರೆ ಚೆನ್ನ.

ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತರದಿಂದ ಸುರಿಯುವುದು ನೊರೆಯ ಆಟವಷ್ಟೇ ಅಲ್ಲ. ಸುರಿಯುವಾಗ ಗಾಳಿಗೆ ತೆರೆದ ಮೇಲ್ಮೈ ಹೆಚ್ಚುತ್ತದೆ, ಆವಿಯ ಜತೆ ಶಾಖವೂ ಹೋಗುತ್ತದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯವನ್ನು ಸದಾ ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಎಚ್ಚರಿಸಿದೆ. ಮುದುಕರಿಗೆ ಎರಡು ಸಲ ಸುರಿದು ಕೊಡುವ ಸಪ್ಲೈಯರ್ ಮಾಡುವುದು ಮರ್ಯಾದೆಯ ಕೆಲಸವೂ ಹೌದು, ಆರೋಗ್ಯದ ಕೆಲಸವೂ ಹೌದು. ಸಕ್ಕರೆ ಬೇರೆಯಾಗಿ ಕೊಡುವ ಪದ್ಧತಿಯೂ ಹಾಗೆಯೇ. ಮಧುಮೇಹ ಇರುವವರು ಎಲ್ಲರ ಮುಂದೆ ಕೂಗಿ ‘ಸಕ್ಕರೆ ಬೇಡ’ ಎನ್ನಬೇಕಾಗಿಲ್ಲ. ಇನ್ನು ಬೈಟು ಕಾಫಿ. ಒಂದನ್ನು ಇಬ್ಬರಿಗೆ ಹಂಚಿಕೊಡುವ ಈ ಬೆಂಗಳೂರಿನ ಪದ್ಧತಿ ಕಡಿಮೆ ಕಾಸಿನವರಿಗೂ ಎರಡು ಕುರ್ಚಿ ಕೊಡಿಸುತ್ತದೆ. ಇದನ್ನು ಬೋರ್ಡಿನ ಮೇಲೆ ನಾಚಿಕೆಯಿಲ್ಲದೆ ಬರೆಯಬೇಕು.

ಮಕ್ಕಳಿಗೆ ಕಾಫಿ ಬೇಡ. ಅವರಿಗೆ ರಾಗಿ ಮಾಲ್ಟ್ ಇರಲಿ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಗಂಜಿ ತೆಳ್ಳಗಾಗುತ್ತದೆ, ತಾನಾಗಿ ಸ್ವಲ್ಪ ಸಿಹಿಯೂ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು ಒಗ್ಗದವರಿಗೆ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಹಾಲಿನ ಲ್ಯಾಕ್ಟೋಸ್‌ನಲ್ಲಿ ಒಂದಿಷ್ಟನ್ನು ಹೆಪ್ಪಿನ ಬ್ಯಾಕ್ಟೀರಿಯಗಳು ಮೊದಲೇ ಮುಗಿಸಿರುತ್ತವೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪದಾರ್ಥ ಮಜ್ಜಿಗೆಯಾಗಿರಲಿ, ಅದನ್ನು ಕುಡಿಯುವವರಿಗೂ ಕಿಟಕಿಯ ಪಕ್ಕದ ಕುರ್ಚಿಯೇ ಸಿಗಲಿ.

ಅನ್ನದ ತಿಂಡಿಗಳ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳಿರುತ್ತವೆ. ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅವು ಎದ್ದು ಬೆಳೆದು ವಿಷ ಮಾಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ 60 ಡಿಗ್ರಿಗಿಂತ ಮೇಲೆ ಇಡಿ, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ಇಡಿ. ನಡುವಿನದು ಸೂಕ್ಷ್ಮಾಣುಗಳ ಸುಗ್ಗಿಕಾಲ. ಬೆಳಿಗ್ಗೆ ಮಾಡಿದ ಚಿತ್ರಾನ್ನವನ್ನು ಸಂಜೆಯ ಕಾರ್ಯಕ್ರಮಕ್ಕೆ ಬಡಿಸುವ ಸಂಘಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಇಡ್ಲಿಗೆ ಈ ತಾಪತ್ರಯ ಕಡಿಮೆ. ಹುಳಿ ಬಂದ ಹಿಟ್ಟು, ಹಬೆಯಲ್ಲಿ ಬೆಂದು ತಟ್ಟೆಯಿಂದ ನೇರ ಎಲೆಗೆ.

ಇಷ್ಟೆಲ್ಲ ಅಗ್ಗವಾಗಿ ಕೊಟ್ಟರೆ ಕುರ್ಚಿಯ ಖರ್ಚು ಯಾರು ಹೊರಬೇಕು? ಇದು ನಿಜವಾದ ಪ್ರಶ್ನೆ. ಒಂದು ಮೇಜಿಗೆ ಗಂಟೆಗೆ ನಾಲ್ಕು ಗುಂಪು ಬಂದು ಹೋದರೆ ಅಂಗಡಿಗೆ ಬರುವ ಹಣ, ಒಂದೇ ಗುಂಪು ಎರಡು ಗಂಟೆ ಕೂತರೆ ಬರುವುದಿಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ತಲೆಮಾರುಗಳು ಕೂತು ಎದ್ದ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಬಾಡಿಗೆ ಏರುವ ಬೀದಿಯಲ್ಲಿ ಅಗ್ಗದ ಕುರ್ಚಿ ಬಹಳ ದಿನ ಉಳಿಯುವುದು ಕಷ್ಟ. ಆದ್ದರಿಂದಲೇ ಗ್ರಂಥಾಲಯ, ಶಾಲೆ, ಸಂಘದ ಕಟ್ಟಡ ಇಂಥ ಅಂಗಡಿಗೆ ಯೋಗ್ಯ ಜಾಗ. ಅಲ್ಲಿ ಬಾಡಿಗೆಯ ಬದಲು ಹೊಣೆ ಹಂಚಿಕೊಳ್ಳಬಹುದು.

ಒಳಗೆ ಬಂದವರಿಗೆ ಮೊದಲು ಸಿಗಬೇಕಾದದ್ದು ನೀರು, ಕೇಳದೆ, ಬೆಲೆಯಿಲ್ಲದೆ. ಮತ್ತು ಒಂದೇ ಬಗೆಯ ಲೋಟದಲ್ಲಿ. ಈ ಮಾತು ಪುಕ್ಕಟೆಯದಲ್ಲ. ಅಂಗಡಿ, ಹೋಟೆಲುಗಳಿಗೆ ಬರುವ ಯಾರನ್ನೂ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ತಡೆಯಬಾರದೆಂದು ಸಂವಿಧಾನದ 15ನೆಯ ವಿಧಿಯಲ್ಲಿ ಬರೆಯಬೇಕಾಗಿ ಬಂದದ್ದು, ಹಾಗೆ ತಡೆಯುವವರಿದ್ದರು ಎಂಬುದಕ್ಕೇ. ಅದಾದ ಮೇಲೂ ಎಷ್ಟೋ ಹಳ್ಳಿಗಳ ಚಹಾ ಅಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಡುವ ಕೆಟ್ಟ ಚಾಳಿ ನಡೆದುಬಂತು. ಕಾಫಿ ಅಂಗಡಿ ತೆರೆಯುವ ಮಕ್ಕಳಿಗೆ ಈ ಚರಿತ್ರೆಯನ್ನು ತಂದೆತಾಯಿಗಳೇ ಹೇಳಬೇಕು, ಪಾಠದ ಪುಸ್ತಕಕ್ಕೆ ಬಿಟ್ಟುಬಿಡಬಾರದು. ಲೋಟಗಳನ್ನೆಲ್ಲ ಸೋಪಿನಲ್ಲಿ ತೊಳೆದು, 80 ಡಿಗ್ರಿ ದಾಟಿದ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿದರೆ ಸಾಕು. ಒದ್ದೆ ಬಟ್ಟೆಯೇ ಬಹಳ ಸಲ ಲೋಟಕ್ಕಿಂತ ಕೊಳಕು.

ಕೂರುವ ಜಾಗದ ಬಗ್ಗೆ ಎರಡು ಮಾತು. ಮೆಟ್ಟಿಲಿದ್ದರೆ ಪಕ್ಕದಲ್ಲಿ ಇಳಿಜಾರು ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೆ ಉಬ್ಬಸ. ಟೈಲ್ಸ್ ನೆಲ, ಬೋಳು ಗೋಡೆ, ಸ್ಟೀಲಿನ ಮೇಜು ಇರುವ ಕೋಣೆಯಲ್ಲಿ ಶಬ್ದ ಹೀರುವ ವಸ್ತು ಯಾವುದೂ ಇಲ್ಲ. ಹತ್ತು ಜನ ಮಾತಾಡಿದರೆ ಸಂತೆಯಾಗುತ್ತದೆ. ಕಿವಿ ಮಂದವಾದ ಅಜ್ಜ ಅಲ್ಲಿಗೆ ಎರಡನೆಯ ಸಲ ಬರುವುದಿಲ್ಲ. ಎರಡು ಗೋಡೆಗೆ ದಪ್ಪ ಜಮಖಾನ ತೂಗುಹಾಕಿ, ಮೂಲೆಯ ಮೇಜೊಂದನ್ನು ಪಾತ್ರೆ ತೊಳೆಯುವ ಕಡೆಯಿಂದ ದೂರ, ಬೆಳಕು ಎದುರಿನವರ ಮುಖದ ಮೇಲೆ ಬೀಳುವಂತೆ ಇಟ್ಟರೆ, ಅಜ್ಜ ತುಟಿಯ ಚಲನೆ ನೋಡಿಕೊಂಡು ಮೊಮ್ಮಗಳ ಮಾತು ಕೇಳುತ್ತಾ ಕಾಫಿ ಮುಗಿಸಬಹುದು.