ದೋಷವನ್ನು ಹುಡುಕುವ ವಿದ್ಯೆ

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ನಮ್ಮ ವಿದ್ಯಾಲಯಗಳು ಈಗ ಕಲಿಸುತ್ತಿವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬರೆದುದರಲ್ಲಿ ತಪ್ಪು ತಲೆದೋರಿದಾಗ ಅದನ್ನು ಹಿಡಿಯುವ ಬಗೆಯನ್ನು ಕಲಿಸುವುದು ವಿರಳ. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮಿಗೆ ಅಂಕವುಂಟು. ತಪ್ಪನ್ನು ಕಂಡುಹಿಡಿದ ಜಾಣ್ಮೆಗೆ ಅಂಕವಿಲ್ಲ. ಈ ಪದ್ಧತಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ತಪ್ಪು ಮಾಡುವುದು ಕಲಿಯುವವರ ಪಾಡು ಮಾತ್ರವಲ್ಲ. 1949ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸಾಕ್ ಯಂತ್ರವನ್ನು ನಡೆಯಿಸಿದ ಮಾರಿಸ್ ವಿಲ್ಕ್ಸ್ ಅವರು, ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿಯೇ ಕಳೆಯುವುದೆಂದು ಆ ದಿನಗಳಲ್ಲಿಯೇ ಮನಗಂಡುದಾಗಿ ಬರೆದಿದ್ದಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದೊಳಗೆ ಪತಂಗವೊಂದು ಸಿಕ್ಕಿಕೊಂಡ ಕಥೆಯನ್ನು ಅನೇಕರು ಕೇಳಿರಬಹುದು. ಅಲ್ಲಿದ್ದವರು ಅದನ್ನು ತೆಗೆದು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಹೊತ್ತನ್ನೂ, ಎಫ್ ಫಲಕದ 70ನೆಯ ರಿಲೇ ಎಂಬ ಸ್ಥಳವನ್ನೂ ಗುರುತುಮಾಡಿದರು. ನಾವು ಮೆಚ್ಚಬೇಕಾದುದು ಪತಂಗವನ್ನಲ್ಲ, ಆ ಬರೆದಿಟ್ಟ ಸಾಲನ್ನು.

ವೆಬ್ ಸರ್ವರಿನ ಕೆಲಸದಲ್ಲಿ ಈ ಶಿಸ್ತು ಇನ್ನೂ ಹೆಚ್ಚು ಬೇಕು. ಕಾಲೇಜೊಂದರ ಫಲಿತಾಂಶವನ್ನು ತೋರಿಸುವ ಪುಟವಿದೆಯೆಂದು ಭಾವಿಸೋಣ. ಪ್ರೋಗ್ರಾಂ ನಡೆಯುವುದು ಎಲ್ಲಿಯೋ ಇರುವ ಸರ್ವರಿನಲ್ಲಿ, ಬರೆದವನ ಕಣ್ಣೆದುರಿನಲ್ಲಲ್ಲ. ಅಲ್ಲಿ ನಡೆದುದಕ್ಕೆ ಸಾಕ್ಷಿ ಲಾಗ್ ಎಂಬ ದಾಖಲೆಯೊಂದೇ. ಬಂದ ಪ್ರತಿಯೊಂದು ಕೋರಿಕೆಗೂ ಒಂದು ಸಂಖ್ಯೆ, ಬಂದ ಹೊತ್ತು, ತಗಲಿದ ಕಾಲ, ತಪ್ಪಾದರೆ ತಪ್ಪಿನ ವಿವರ ಇವಿಷ್ಟನ್ನು ಅದರಲ್ಲಿ ಬರೆಯಿಸಬೇಕು. ಗುಪ್ತಪದಗಳನ್ನು ಎಂದಿಗೂ ಬರೆಯಿಸಲಾಗದು.

ತಪ್ಪನ್ನು ಹುಡುಕುವಾಗ ಮೊದಲ ಹೆಜ್ಜೆ, ಅದನ್ನು ನಾವು ಬೇಕೆಂದಾಗ ಮತ್ತೆ ಕಾಣಿಸಿಕೊಳ್ಳುವಂತೆ ಮಾಡುವುದು. ಎರಡನೆಯದು, ಶಂಕೆಯ ಕ್ಷೇತ್ರವನ್ನು ಅರ್ಧಕ್ಕೆ ಅರ್ಧ ಕಿರಿದುಗೊಳಿಸುವುದು. ನಿನ್ನೆ ಸರಿಯಿದ್ದ ಪ್ರೋಗ್ರಾಂ ಸಾವಿರ ಬದಲಾವಣೆಗಳ ನಡುವೆ ಎಲ್ಲಿಯೋ ಕೆಟ್ಟಿದ್ದರೂ, ನಡುಮಧ್ಯದಿಂದ ಪರೀಕ್ಷಿಸುತ್ತ ಹೋದರೆ ಹತ್ತು ಪರೀಕ್ಷೆಗಳು ಸಾಕು. ಏಕೆಂದರೆ ಹತ್ತು ಎರಡುಗಳ ಗುಣಲಬ್ಧ 1,024. ಮೂರನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ರೋಗ ವಾಸಿಯಾದರೂ ಮದ್ದು ಯಾವುದೆಂದು ತಿಳಿಯದು.

ತಪ್ಪಿಲ್ಲದಿದ್ದರೂ ಪುಟ ನಿಧಾನವಾಗಿರಬಹುದು. ಇಲ್ಲಿ ಊಹೆಯೇ ದೊಡ್ಡ ಶತ್ರು. ಅಂಕಗಳನ್ನು ಕೂಡುವ ಭಾಗವೇ ತಡಮಾಡುತ್ತಿದೆಯೆಂದು ವಿದ್ಯಾರ್ಥಿಯು ರಾತ್ರಿಯಿಡೀ ಅದನ್ನೇ ತಿದ್ದುತ್ತಾನೆ. ಆ ಭಾಗಕ್ಕೆ ಹಿಡಿಯುವುದು ಒಟ್ಟು ಕಾಲದ ನೂರರಲ್ಲಿ ಐದು ಪಾಲಾಗಿದ್ದರೆ, ಅದನ್ನು ಸಂಪೂರ್ಣವಾಗಿ ಅಳಿಸಿದರೂ ಉಳಿಯುವುದು ಐದೇ ಪಾಲು. ಪ್ರೊಫೈಲರ್ ಎಂಬ ಸಾಧನದಿಂದ ಅಳೆದು ನೋಡಿದಾಗ ಬೇರೆಯೇ ಸಂಗತಿ ಹೊರಬೀಳುವುದು. ಪ್ರೋಗ್ರಾಂ 200 ವಿದ್ಯಾರ್ಥಿಗಳ ಪಟ್ಟಿಗಾಗಿ ಡೇಟಾಬೇಸನ್ನು ಒಮ್ಮೆ ಕೇಳಿ, ಅನಂತರ ಒಬ್ಬೊಬ್ಬರ ಅಂಕಕ್ಕಾಗಿಯೂ ಮತ್ತೊಮ್ಮೆ ಕೇಳುತ್ತಿದೆ. ಒಟ್ಟು 201 ಸಲ! ಸಲಕ್ಕೆ 5 ಮಿಲಿಸೆಕೆಂಡಾದರೂ ಒಂದು ಸೆಕೆಂಡಿಗೆ ಮೀರಿತು. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದರೆ ಈ ಓಡಾಟವೆಲ್ಲ ತಪ್ಪುವುದು. ಮನೆಯಲ್ಲಿ ಇಬ್ಬರ ಹೆಸರನ್ನಿಟ್ಟು ಪರೀಕ್ಷಿಸಿದವನಿಗೆ ಮೂರೇ ಸಲದ ಓಡಾಟ. ಆದುದರಿಂದ ದೋಷ ಅಲ್ಲಿ ಅಡಗಿಯೇ ಇರುವುದು. ಡೊನಾಲ್ಡ್ ಕನೂತ್ ಅವರು 1971ರಲ್ಲಿ ಫೋರ್ಟ್ರಾನ್ ಪ್ರೋಗ್ರಾಮುಗಳನ್ನು ಅಳೆದು, ಪ್ರೋಗ್ರಾಮಿನ ಶೇಕಡಾ 4ಕ್ಕಿಂತ ಕಡಮೆ ಭಾಗವೇ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ನುಂಗುವುದೆಂದು ತೋರಿಸಿದರು. ಆ ಭಾಗ ಯಾವುದೆಂದು ಅಳೆಯದೆ ಹೇಳಲಾಗದು.

ಇನ್ನು ವಿವರಣೆಯ ವಿಷಯ. ಪ್ರೋಗ್ರಾಂ ಏನು ಮಾಡುವುದೆಂಬುದನ್ನು ಅದರ ಸಾಲುಗಳೇ ಹೇಳುತ್ತವೆ. ಏಕೆ ಹಾಗೆ ಮಾಡಿದೆಯೆಂಬುದನ್ನು ಬರೆದವನೇ ಹೇಳಬೇಕು. ಪರೀಕ್ಷೆಯಿಂದ ವಿನಾಯಿತಿ ಪಡೆದವರಿಗೆ ಅಂಕದ ಸ್ಥಾನದಲ್ಲಿ -1 ಎಂದು ತುಂಬಿ, ಆ ಸಂಕೇತವನ್ನು ಎಲ್ಲಿಯೂ ಬರೆದಿಡದಿದ್ದರೆ, ಮುಂದೆ ಬಂದವನು ಅದನ್ನೂ ಮೊತ್ತಕ್ಕೆ ಸೇರಿಸಿಬಿಡುವನು. ಒಂದಂಕ ಕಡಮೆಯಾಗಿ ಪ್ರಥಮ ದರ್ಜೆ ತಪ್ಪಿದ ಹುಡುಗಿಗೆ ಅದರ ಕಾರಣವೂ ತಿಳಿಯದು. ಇಂಥ ಮೌನದ ಬೆಲೆ ಒಮ್ಮೊಮ್ಮೆ ಭಾರಿಯಾದೀತು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್ 4ರಿಂದ ತಂದ ಪ್ರೋಗ್ರಾಂ, ಹೊಸ ರಾಕೆಟಿನ ಹೆಚ್ಚಿನ ವೇಗದಿಂದಾಗಿ ದೊಡ್ಡದಾದ ಸಂಖ್ಯೆಯೊಂದನ್ನು 16 ಬಿಟ್ಟುಗಳಲ್ಲಿ ಹಿಡಿಸಲಾರದೆ ಹೋಯಿತು. ಆ ಸ್ಥಳದಲ್ಲಿ ರಕ್ಷಣೆ ಬೇಡವೆಂದು ತೀರ್ಮಾನಿಸಿದ ಕಾರಣವು ಪ್ರೋಗ್ರಾಮಿನಲ್ಲಿ ನೇರವಾಗಿ ಬರೆದಿರಲಿಲ್ಲವೆಂದು ವಿಚಾರಣಾ ಮಂಡಲಿ ಕಂಡಿತು.

ಪಾಠಗಳೇ ಮುಗಿಯವು, ಇದಕ್ಕೆ ಬಿಡುವೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಹೊಸ ಪಾಠ ಬೇಕಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಎದುರಿಗೂ ಒಂದು ಪುಟವನ್ನು ತಪ್ಪಿಗಾಗಿ ಬಿಡಲಿ: ಏನು ಕಂಡಿತು, ಏನೆಂದು ಊಹಿಸಿದೆ, ಹೇಗೆ ಪರೀಕ್ಷಿಸಿದೆ, ನಿಜವಾದ ಕಾರಣವೇನು ಎಂಬ ನಾಲ್ಕೇ ಸಾಲುಗಳು. ಅದಕ್ಕೂ ಅಂಕ ಕೊಡಲಿ. ತಪ್ಪನ್ನು ಮುಚ್ಚಿಡುವ ವಿದ್ಯಾರ್ಥಿ ನಾಳೆ ಸರ್ವರಿನಲ್ಲಿಯೂ ಮುಚ್ಚಿಡುವನು. ಬರೆದಿಡಲು ಕಲಿತವನನ್ನು ನಂಬಿ ಸಾವಿರಾರು ಮಂದಿ ತಮ್ಮ ಫಲಿತಾಂಶವನ್ನು ನಿಶ್ಚಿಂತೆಯಿಂದ ನೋಡಬಹುದು.